ಸೀತಕ್ಕನ ಹೊಳೆ ಮತ್ತು ಹನ್ನೆರಡು ತಿಂಗಳ ಶಾಲೆ

ಸೀತಕ್ಕನನ್ನು ಎದುರು ಹಾಕಿಕೊಂಡು ನಮ್ಮ ಕಡವಿನಲ್ಲಿ ಬಾಳಿದವರು ಇಬ್ಬರೇ. ಒಬ್ಬ ಅವಳ ಗಂಡ ಸೂರ, ಅವನು ಈಗಿಲ್ಲ. ಇನ್ನೊಬ್ಬಳು ಅವಳ ಮಗಳು ರತ್ನ. ಉಳಿದ ನಾವೆಲ್ಲ ಅವಳ ಬೈಗುಳ ತಿಂದು ದೊಡ್ಡವರಾದವರು. ನಾನು ಮುಂಬೈಯಲ್ಲಿ ಕ್ಯಾಂಟೀನ್ ನಡೆಸಿ ಬಂದವನು, ದೋಣಿ ನಿಲ್ಲುವ ಈ ಕಡವಿನ ಪಕ್ಕದಲ್ಲೇ ಸ್ವಂತ ಚಾ ಹೋಟೆಲು ಇಟ್ಟವನು, ಅರ್ಧ ತಲೆ ನರೆತವನು. ಆದರೂ ಅವಳು ದೋಣಿಯಿಂದ ಇಳಿದು "ಏ ಪ್ರೇಮಾನಂದ, ನಿನ್ನ್ ಚಾ ಹೊಳಿ ನೀರಿಗಿಂತ ತೆಳು ಇತ್ತಲ್ಲ ಮಾರಾಯ" ಎಂದರೆ ಸುಮ್ಮನೆ ಎದ್ದು ಇನ್ನೊಂದು ಲೋಟ ಮಾಡುತ್ತೇನೆ. ಈಜು ಕಲಿಸಿದವಳ ಮುಂದೆ ಯಾರ ಗತ್ತೂ ನಡೆಯುವುದಿಲ್ಲ.

ಒಂದು ಪಕ್ಕ ಸಮುದ್ರ, ಇನ್ನೊಂದು ಪಕ್ಕ ಹೊಳೆ ಇರುವ ನಮ್ಮ ಮರವಂತೆಯಲ್ಲಿ ಸಮುದ್ರದ ಕಡೆಯವರಿಗೆ ದಡಕ್ಕೆ ಕಲ್ಲು ಹಾಕಿಸುವ ಜಗಳವಾದರೆ, ಹೊಳೆಯ ಕಡೆಯ ನಮಗೆ ಸೇತುವೆಯ ಜಗಳ. ಸೀತಕ್ಕನ ಮನೆ ಕುದ್ರುವಿನಲ್ಲಿ. ಹೊಳೆಯ ನಡುವೆ ತೆಂಗಿನ ಮರ, ಒಂದಿಷ್ಟು ಗದ್ದೆ, ಹತ್ತಾರು ಮನೆ ಇರುವ ನಡುಗಡ್ಡೆ ಅದು. ಶಾಲೆ, ಅಂಗಡಿ, ಡಾಕ್ಟರು, ಬಸ್ಸು ಎಲ್ಲ ಈಚೆ ದಡದಲ್ಲಿ. ಕುದ್ರುವಿನ ಮಕ್ಕಳು ಬೆಳಿಗ್ಗೆ ದೋಣಿಯಲ್ಲಿ ಬರಬೇಕು, ಸಂಜೆ ದೋಣಿಯಲ್ಲಿ ಹೋಗಬೇಕು. ಪ್ರತಿ ಚುನಾವಣೆಯಲ್ಲೂ ಸೇತುವೆ ಆಗಿಯೇ ಬಿಡುತ್ತದೆ, ಎಣಿಕೆ ಮುಗಿದ ಮೇಲೆ ಕಾಣುವುದಿಲ್ಲ.

ಇಳಿತದ ಹೊತ್ತಿನಲ್ಲಿ ಹೊಳೆಗೆ ಇಳಿದು ಚಿಪ್ಪುಮೀನು ಹೆಕ್ಕಿ ಮಾರುವುದು ಸೀತಕ್ಕನ ಕಸುಬು. ಈಜು ಕಲಿಸುವುದು ಅವಳ ಹುಚ್ಚು. ಬೇಸಿಗೆ ರಜೆ ಸಿಕ್ಕಿತೆಂದರೆ ಕುದ್ರುವಿನ ಮಕ್ಕಳು, ಈಚೆ ದಡದ ಮಕ್ಕಳು, ಮುಂಬೈಯಿಂದ ಬಂದ ಬಿಳಿ ಬಿಳಿ ಮಕ್ಕಳು, ಎಲ್ಲರೂ ಅವಳ ಪಾಲು. ಪ್ರತಿ ಮಗುವೂ ಸಿಪ್ಪೆ ಸುಲಿಯದ ಎರಡು ಒಣಗಿದ ತೆಂಗಿನಕಾಯಿ ತರಬೇಕು. ಸಿಪ್ಪೆಯ ನಾರನ್ನೇ ಒಂದಿಷ್ಟು ಎಬ್ಬಿಸಿ, ಎರಡನ್ನೂ ಜೋಡಿಸಿ, ನಡುವೆ ಹಗ್ಗ ಬಿಟ್ಟು ಮಗುವಿನ ಎದೆಯ ಕೆಳಗೆ ಬರುವ ಹಾಗೆ ಕಟ್ಟುತ್ತಾಳೆ. ಆಮೇಲೆ ನೀರಿಗೆ ದೂಡುತ್ತಾಳೆ. ಕೂಗಿದವರಿಗೆ ಬೈಗುಳ, ಅತ್ತವರಿಗೆ ಇನ್ನೂ ಜೋರು ಬೈಗುಳ. ಕೆಲವು ವಾರ ಕಳೆದ ಮೇಲೆ ಒಂದು ದಿನ, ಕೈಕಾಲು ಬಡಿಯುವುದು ಸರಿಯಾಗಿದೆ ಎಂದು ಅವಳಿಗೆ ಕಂಡಾಗ, ಕಾಯಿ ಬಿಚ್ಚುತ್ತಾಳೆ. ಆ ದಿನ ಮಗು ಹೊಳೆ ದಾಟಬೇಕು. ದಾಟಿದ ಮೇಲೆ ಅದೇ ಕಾಯಿ ಒಡೆದು ಬೆಲ್ಲದ ಜೊತೆ ಎಲ್ಲರಿಗೂ ಹಂಚುವುದು. ಹಿಂದೆ ಕೊಡುವ ಪದ್ಧತಿ ಇಲ್ಲ, ಸಂಬಳದ ಮಾತೂ ಇಲ್ಲ.

ಇದೆಲ್ಲ ಏಪ್ರಿಲ್ ಮೇಯಲ್ಲೇ ಆಗಬೇಕು. ಚಳಿಗಾಲದಲ್ಲಿ ನೀರು ಕೊರೆಯುತ್ತದೆ. ಮಳೆ ಬಿದ್ದರೆ ಕೊಲ್ಲೂರಿನ ಕಡೆಯಿಂದ ಕೆಂಪು ನೀರು ಇಳಿದು ಬರುತ್ತದೆ, ಆಗ ಹೊಳೆಯ ಹತ್ತಿರ ದೊಡ್ಡವರೂ ಹೋಗುವುದಿಲ್ಲ. ಬೇಸಿಗೆಯಲ್ಲಿ ಮಾತ್ರ ಸಮುದ್ರದ ಉಪ್ಪು ನೀರು ಒಳಗೆ ಬಂದು ಹೊಳೆ ಶಾಂತವಾಗಿ ನಿಂತಿರುತ್ತದೆ, ಉಪ್ಪಿನ ನೀರು ಮಗುವನ್ನು ಎತ್ತಿ ಹಿಡಿಯುತ್ತದೆ.

ಸೀತಕ್ಕನಿಗೆ ಒಬ್ಬಳು ತಂಗಿ ಇದ್ದಳು. ತಂಗಿಗೆ ಈಜು ಕಲಿಸಬೇಕಿದ್ದ ಬೇಸಿಗೆಯಲ್ಲಿ ಅವಳಿಗೆ ಸಿಡುಬು ಎದ್ದಿತು. ಮುಂದಿನ ವರ್ಷ ಕಲಿತರಾಯಿತು ಎಂದರು ಮನೆಯವರು. ಆ ಮಳೆಗಾಲದಲ್ಲಿ ದೋಣಿ ಮಗುಚಿತು. ಸೀತಕ್ಕ ದಡಕ್ಕೆ ಬಂದಳು, ತಂಗಿ ಬರಲಿಲ್ಲ. ಇದನ್ನು ಅವಳು ಯಾರಿಗೂ ಹೇಳಿಕೊಳ್ಳುವುದಿಲ್ಲ. ನನ್ನ ಅಪ್ಪ ಹೇಳಿದ್ದರಿಂದ ನನಗೆ ಗೊತ್ತು.

ದೀಪದ ಬುಡದಲ್ಲಿ ಕತ್ತಲೆ ಎನ್ನುತ್ತಾರಲ್ಲ, ಇಲ್ಲಿಯೂ ಹಾಗೆಯೇ ಆಯಿತು. ಊರಿನ ಮಕ್ಕಳಿಗೆಲ್ಲ ಈಜು ಕಲಿಸಿದವಳ ಸ್ವಂತ ಮಗಳು ರತ್ನನಿಗೆ ಈಜು ಬರುವುದಿಲ್ಲ. ಮೊದಲು ಅವಳಿಗೆ ನೀರೆಂದರೆ ಹೆದರಿಕೆ, ಮನೆಯ ಮಗಳು ಎಲ್ಲಿ ಹೋಗುತ್ತಾಳೆ ಎಂದು ತಾಯಿಯೂ ಬಿಟ್ಟಳು. ಹೆದರಿಕೆ ಬಿಡುವಷ್ಟರಲ್ಲಿ ರತ್ನ ಗೇರುಬೀಜದ ಕಾರ್ಖಾನೆ ಸೇರಿಯಾಗಿತ್ತು. ಈಗಲೂ ಅಲ್ಲೇ ಇದ್ದಾಳೆ. ಗಂಡ ಚಂದ್ರ ಗಂಗೊಳ್ಳಿಯ ಮೀನು ಹಿಡಿಯುವ ಬೋಟಿಗೆ ಹೋಗುವವನು, ಮಳೆಗಾಲದಲ್ಲಿ ಬೋಟು ದಡಕ್ಕೆ ಕಟ್ಟಿದಾಗ ಮಾತ್ರ ಮನೆಯಲ್ಲಿ ಸಿಗುವವನು. ಒಬ್ಬಳೇ ಮಗಳು ನವ್ಯಶ್ರೀ, ನಾಲ್ಕನೇ ಕ್ಲಾಸು. ಅವಳನ್ನು ಈಚೆ ದಡದ ಇಂಗ್ಲಿಷ್ ಮೀಡಿಯಂ ಶಾಲೆಗೆ ಸೇರಿಸಿದ್ದು ರತ್ನನ ಹಠ. ಗೇರುಬೀಜದ ಬೇಳೆ ಬಿಡಿಸಿ ಬಿಡಿಸಿ ಅದರ ಸೊನೆಗೆ ಕಪ್ಪಾದ ಬೆರಳು ತೋರಿಸಿ, "ಇವ್ಳ್ ಕೈ ಹೀಂಗ್ ಆಪುಕಾಗ" ಎನ್ನುತ್ತಿದ್ದಳು. ಮಗಳ ಕೈ ಹೀಗಾಗಬಾರದು ಎಂಬುದಷ್ಟೇ ಅವಳ ವೇದ.

ಹೋದ ವರ್ಷ ಏನಾಯಿತೆಂದರೆ, ಆ ಶಾಲೆಯವರು ಹನ್ನೆರಡು ತಿಂಗಳೂ ಶಾಲೆ ನಡೆಸುತ್ತೇವೆ ಎಂದು ವಾಟ್ಸಾಪಿನಲ್ಲಿ ಹಾಕಿದರು. ಒಟ್ಟಿಗೆ ದೊಡ್ಡ ರಜೆ ಇಲ್ಲ. ಅದನ್ನೇ ಮುರಿದು ಜುಲೈಯಲ್ಲಿ ಸ್ವಲ್ಪ, ದಸರಾಕ್ಕೆ ಸ್ವಲ್ಪ, ಕ್ರಿಸ್‌ಮಸ್ಸಿಗೆ ಸ್ವಲ್ಪ, ಏಪ್ರಿಲಿನಲ್ಲಿ ಒಂದು ವಾರ. ಇದು ಕಾನೂನೋ ಅಲ್ಲವೋ ನನಗೆ ಗೊತ್ತಿಲ್ಲ. ಬೇಸಿಗೆಯದಕ್ಕೆ ವಿಶೇಷ ತರಗತಿ ಎಂದು ಹೆಸರು ಕೊಟ್ಟಿದ್ದರು. ತಂದೆತಾಯಿಯರ ಒಪ್ಪಿಗೆ ಬೇಕೆಂದು ಸಭೆ ಕರೆದರು. ನನ್ನ ಮಗ ಸುಜಿತ್ ಅಲ್ಲೇ ಓದುವುದರಿಂದ ನಾನೂ ಹೋದೆ. ಸೀತಕ್ಕನನ್ನು ಯಾರೂ ಕರೆದಿರಲಿಲ್ಲ. ಅವಳು ಮುಂದಿನ ಸಾಲಿನಲ್ಲೇ ಕೂತಿದ್ದಳು.

ಶಾಲೆಯ ಅಧ್ಯಕ್ಷರು ಭೋಜರಾಜರು. ಪುಣೆಯಲ್ಲಿ ಹೋಟೆಲುಗಳಿದ್ದವರು, ಮಕ್ಕಳಿಗೆ ಹಂಚಿ ಕೊಟ್ಟು ಊರಿಗೆ ಬಂದು ಶಾಲೆ ಮಾಡಿದವರು. ಕೆಟ್ಟವರಲ್ಲ. ದುಡಿದು ಮೇಲೆ ಬಂದವರಿಗೆ ಇರುವ ಒಂದು ರೋಗ ಅವರಿಗೂ ಇದೆ, ಯಾರಾದರೂ ಸುಮ್ಮನೆ ಕೂತದ್ದು ಕಂಡರೆ ಮೈ ಪರಚಿಕೊಳ್ಳುತ್ತಾರೆ. ಎರಡು ತಿಂಗಳು ಮನೆಯಲ್ಲಿ ಕೂತ ಮಕ್ಕಳು ಕಲಿತದ್ದನ್ನೆಲ್ಲ ಮರೆತು ಬರುತ್ತಾರೆ, ಜೂನ್ ಇಡೀ ಹಳೆಯ ಪಾಠವನ್ನೇ ಮತ್ತೆ ಮಾಡಬೇಕಾಗುತ್ತದೆ, ಮೊಬೈಲು ನೋಡಿ ನೋಡಿ ಕಣ್ಣು ಹಾಳು, ಇನ್ನು ಒಂದು ದಿನವೂ ಶಾಲೆ ತಪ್ಪಬಾರದು ಎಂದೆಲ್ಲ ವಿವರಿಸಿದರು. ಸುಳ್ಳೇನಲ್ಲ. ನನ್ನ ಸುಜಿತನನ್ನೇ ನೋಡಿದರೆ ಸಾಕು.

ಸೀತಕ್ಕ ಎದ್ದು ನಿಂತಳು.

"ಹ್ವಾಯ್ ಭೋಜರಾಜಣ್ಣ, ನಿಮ್ಮ್ ಶಾಲಿ ಹನ್ನೆರ್ಡ್ ತಿಂಗ್ಳ್ ಇರ್ಲಿ, ಹದಿಮೂರ್ ತಿಂಗ್ಳ್ ಇರ್ಲಿ. ಹೊಳಿ ಶಾಲಿ ವರ್ಷಕ್ಕ್ ಎರ್ಡೇ ತಿಂಗ್ಳ್. ಅದನ್ನೂ ನೀವ್ ತೆಕ್ಕಂಡ್ರೆ ಕುದ್ರು ಮಕ್ಳಿಗೆ ಈಜ್ ಕಲ್ಸೂದ್ ಯಾವತ್ತ್?"

ಭೋಜರಾಜರು ನಕ್ಕು, ಸಮಾಧಾನದಲ್ಲೇ ಉತ್ತರ ಕೊಟ್ಟರು. "ಅದಕ್ಕೆಂತ ಸೀತಕ್ಕ, ಪೇಟಿ ಈಜುಕೊಳಕ್ಕೆ ಕರ್ಕಂಡ್ ಹೋಪ. ಬಸ್ ನಾವೇ ಕೊಡ್ತೊ. ಈ ವರ್ಷ ಆಯ್ಲಿಲ್ಲೆ ಅಂದ್ರೆ ಬಪ್ಪ ವರ್ಷ."

"ಬಪ್ಪ ವರ್ಷ ಅಂದೇಳಿ ನನ್ನೆದ್ರ್ ಹೇಳೂಕಾಗ," ಎಂದಳು ಸೀತಕ್ಕ. ಮುಂದಿನ ವರ್ಷದ ಮಾತು ತನ್ನೆದುರು ಬೇಡ ಎನ್ನುವಾಗ ಅವಳು ದನಿ ಏರಿಸಲಿಲ್ಲ. ನನಗೆ ಅದೇ ಹೆದರಿಕೆ ಹುಟ್ಟಿಸಿತು, ಅವಳು ದನಿ ಇಳಿಸಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. "ಜೂನಿಗೆ ಹೊಳಿ ಕೆಂಪಾತ್ತ್. ನಿಮ್ಮ್ ಬಸ್ ಬಪ್ಪತನಕ ದೋಣಿ ಮಗ್ಚೂಕಾಗ ಅಂದೇಳಿ ಹೊಳಿಗ್ ನೀವ್ ಹೇಳ್ತ್ರಿಯಾ?"

ಭೋಜರಾಜರು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಇನ್ನೊಂದು ದನಿ ಬಂತು. ರತ್ನ ಎದ್ದಿದ್ದಳು. ಮಗಳು ತಾಯಿಯ ಪರವಾಗಿಯೇ ಮಾತಾಡುತ್ತಾಳೆ ಎಂದು ನಾವೆಲ್ಲ ತಿಳಿದುಕೊಂಡೆವು.

"ನಂಗೆ ಹನ್ನೆರ್ಡ್ ತಿಂಗ್ಳ್ ಶಾಲಿ ಬೇಕ್," ಎಂದಳು. "ನಾನ್ ಏಳ್ನೇ ಕ್ಲಾಸ್ ಮುಗ್ಸಿ ಬೇಸಿಗಿ ರಜೆಯಲ್ಲ್ ಕಾರ್ಖಾನಿಗ್ ಹೋದೆ. ಅಪ್ಪನಿಗ್ ಹುಷಾರಿರ್ಲಿಲ್ಲೆ, ಎರ್ಡ್ ತಿಂಗ್ಳಿಗ್ ಮಾತ್ರ ಅಂದೇಳಿ ಹೋದ್ದ್. ಜೂನ್ ಬಂತ್, ಎಲ್ಲರೂ ಶಾಲಿಗ್ ಹೋದ್ರ್, ನಾನ್ ಹೋಯ್ಲಿಲ್ಲೆ. ಆ ರಜೆ ನಂಗೆ ಇನ್ನೂ ಮುಗೀಲಿಲ್ಲೆ." ಆಮೇಲೆ ನವ್ಯನ ಮಾತಿಗೆ ಬಂದಳು. "ಬೇಸಿಗಿಯಲ್ಲ್ ನಾನ್ ಕೆಲ್ಸಕ್ಕ್, ಇವ್ಳಪ್ಪ ಬೋಟಿಗ್. ಜುಲೈಯಲ್ಲ್ ರಜೆ ಕೊಟ್ರೆ ಅಪ್ಪನ ಮೋರೆ ಆದ್ರೂ ಕಾಂತಳ್."

ಸೀತಕ್ಕ ಮಗಳ ಕಡೆ ತಿರುಗಲಿಲ್ಲ. ಒಪ್ಪಿಗೆ ಇದ್ದವರು ಕೈ ಎತ್ತಿ ಎಂದರು ಭೋಜರಾಜರು, ಬಹಳ ಜನ ಎತ್ತಿದರು. ರತ್ನನ ಹಾಗೆಯೇ ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳಲು ಯಾರೂ ಇಲ್ಲದೆ ಕೆಲಸಕ್ಕೆ ಹೋಗುವ ಹೆಂಗಸರೇ ಹೆಚ್ಚು. ನಾನು ಕೈ ಎತ್ತಿದೆನೆಂದು ಸೀತಕ್ಕ ಹೇಳುತ್ತಾಳೆ, ಎತ್ತಲಿಲ್ಲವೆಂದು ಭೋಜರಾಜರು ಹೇಳುತ್ತಾರೆ. ತಲೆ ಕೆರೆದುಕೊಂಡದ್ದು ಮಾತ್ರ ನನಗೆ ನೆನಪಿದೆ.

ಅಂದು ಸಂಜೆ ತಾಯಿ ಮಗಳು ಒಂದೇ ದೋಣಿಯಲ್ಲಿ ಮನೆಗೆ ಹೋದರು, ಒಬ್ಬಳು ಈ ತುದಿ, ಒಬ್ಬಳು ಆ ತುದಿ.

ಸೋತವರು ಸುಮ್ಮನಿರುವುದು ವಾಡಿಕೆ. ಸೀತಕ್ಕನಿಗೆ ಆ ವಾಡಿಕೆ ಇಲ್ಲ. ಏಪ್ರಿಲ್ ಬಂತು, ಶಾಲೆ ನಡೆಯಿತು, ಅವಳೂ ತನ್ನ ಶಾಲೆ ತೆರೆದಳು. ಸಂಜೆ ಮಕ್ಕಳು ಶಾಲೆ ಬಿಟ್ಟು ಕಡವಿಗೆ ಬರುವುದನ್ನೇ ಕಾದು ನಿಂತು, ಬ್ಯಾಗು ನನ್ನ ಹೋಟೆಲಿನ ಬೆಂಚಿನ ಮೇಲೆ ಇಡಿಸಿ, ಕಾಯಿ ಕಟ್ಟಿ ನೀರಿಗೆ ಇಳಿಸತೊಡಗಿದಳು. ಯೂನಿಫಾರ್ಮಿನಲ್ಲೇ. ಹುಡುಗರಿಗೆ ಚಡ್ಡಿ ಅಂಗಿ, ಹುಡುಗಿಯರಿಗೆ ಲಂಗ ಅಂಗಿ, ಕೆಲವರಿಗೆ ಟೈ ಸಮೇತ. ಬಟ್ಟೆ ಬದಲಿಸಿಕೊಂಡು ಬರಲಿ ಎಂದು ನಾನೇ ಒಮ್ಮೆ ಹೇಳಿದೆ.

"ಎಂತಕ್ಕೆ?" ಎಂದಳು. "ದೋಣಿಯಿಂದ ಬೀಳೂವತ್ತಿಗೆ ಬಟ್ಟಿ ಬದ್ಲ್ಸ್ಕಂಡ್ ಬೀಳ್ತ್ರಾ? ಯೂನಿಫಾರಂ ಹಾಯ್ಕಂಡೇ ಅಲ್ದಾ ದಿನಾ ದೋಣಿ ಹತ್ತೂದ್? ಅದ್ರಲ್ಲೇ ಈಜೂಕೆ ಬರ್ಕ್."

ಅವಳ ಮಾತಿನಲ್ಲಿ ನ್ಯಾಯ ಇತ್ತು, ಅಷ್ಟೇ ಕುಚೋದ್ಯವೂ ಇತ್ತು. ಶಾಲೆಯ ಬಟ್ಟೆಯನ್ನು ಹೊಳೆಯಲ್ಲಿ ಅದ್ದುವಾಗ ಅವಳ ಮುಖ ನೋಡಬೇಕಿತ್ತು. ಒದ್ದೆ ಯೂನಿಫಾರ್ಮಿನಲ್ಲಿ ಬಂದ ಮಕ್ಕಳನ್ನು ತರಗತಿಗೆ ಸೇರಿಸುವುದಿಲ್ಲ ಎಂದು ಶಾಲೆಯಿಂದ ಮೆಸೇಜು ಬಂತು. ನಾನು ಓದಿ ಹೇಳಿದೆ. "ಸಮಾ ಆಯ್ತ್, ಹೊಳಿಗೂ ಒಂದ್ ಮೆಸೇಜ್ ಹಾಕೂಕ್ ಹೇಳ್" ಎಂದು ಚಿಪ್ಪಿನ ಬುಟ್ಟಿ ಎತ್ತಿಕೊಂಡು ಹೋದಳು.

ರತ್ನ ಇದನ್ನೆಲ್ಲ ತಡೆಯಲಿಲ್ಲ, ಒಪ್ಪಲೂ ಇಲ್ಲ. ಅವಳದು ಒಂದೇ ಷರತ್ತು. ನವ್ಯ ಒಂದು ದಿನವೂ ಶಾಲೆ ತಪ್ಪಿಸುವಂತಿಲ್ಲ, ಸಂಜೆ ಎಷ್ಟು ಹೊತ್ತಾದರೂ ಹೋಂವರ್ಕ್ ಬಿಡುವಂತಿಲ್ಲ. ಪಾಪ, ಹುಡುಗಿ ಊಟದ ಬಟ್ಟಲಿನ ಮುಂದೆ ತೂಕಡಿಸುತ್ತಿತ್ತಂತೆ. ಉಳಿದ ಮಕ್ಕಳು ಒಬ್ಬೊಬ್ಬರೇ ಬರುವುದನ್ನು ನಿಲ್ಲಿಸಿದರು. ಮನೆಯಲ್ಲಿ ಬೈದರು, ಶಾಲೆಯಲ್ಲಿ ಬೈದರು, ದಣಿವೂ ಆಯಿತು. ಮೇ ನಡುವಿಗೆ ಬಂದಾಗ ಉಳಿದವರು ಬೆರಳೆಣಿಕೆಯ ಮಕ್ಕಳು. ಸೀತಕ್ಕನಿಗೆ ಅವಮಾನವಾಗಿತ್ತು. ಅದನ್ನು ಬಾಯಿ ಬಿಟ್ಟು ಹೇಳುವ ಹೆಂಗಸಲ್ಲ, ಎರಡರಷ್ಟು ಬೈದಳು.

ಅಷ್ಟರಲ್ಲಿ ಘಟ್ಟದ ಮೇಲೆ ಮಳೆ ಶುರುವಾಯಿತು. ಒಂದು ಬುಧವಾರ ಸಂಜೆ ಸೀತಕ್ಕ ಹೊಳೆಯ ನೀರನ್ನು ಬೊಗಸೆಯಲ್ಲಿ ತೆಗೆದು ಬಾಯಿಗೆ ಹಾಕಿ ಉಗುಳಿದಳು. ಉಪ್ಪು ಕಡಿಮೆಯಾಗಿತ್ತು. ಮೇಲಿನ ನೀರು ಬರತೊಡಗಿದೆ, ಭಾನುವಾರದ ತನಕ ಕಾದರೆ ಹೊಳೆ ಕೈ ತಪ್ಪುತ್ತದೆ. ನವ್ಯನ ಕಾಯಿ ಇನ್ನೂ ಬಿಚ್ಚಿರಲಿಲ್ಲ. ಮರುದಿನ ಬೆಳಿಗ್ಗೆಯೇ ಉಬ್ಬರ ನಿಲ್ಲುವ ಹೊತ್ತು, ಶಾಲೆಗೆ ಹೊರಡುವ ಹೊತ್ತೂ ಅದೇ. ಆಗಲೇ ನವ್ಯನನ್ನು ಹೊಳೆ ದಾಟಿಸುವುದೆಂದು ಸೀತಕ್ಕ ಹೇಳಿದಳು.

"ನಾಳೆ ಶಾಲಿ ಇತ್ತ್," ಎಂದಳು ರತ್ನ. ಕಾರ್ಖಾನೆ ಬಿಟ್ಟು ಬಂದು ದೋಣಿಗೆ ಕಾಯುತ್ತಿದ್ದಳು.

"ಶಾಲಿಗೇ ಹೋಪ್ದ್. ದೋಣಿ ಬದ್ಲ್ ಈಜ್ಕಂಡ್ ಹೋತಳ್."

"ಒದ್ದಿ ಆದ್ರೆ ಸೇರ್ಸುದಿಲ್ಲೆ ಅಂದಿರಲ್ಲ, ಅಬ್ಬಿ?" ರತ್ನ ತಾಯಿಯನ್ನು ಕೇಳಿದಳು.

"ಸೇರ್ಸದಿದ್ರೆ ಹಿಂದ್ ಬತ್ತಳ್. ಜೀವ ಅಂತೂ ಇರತ್ತಲ್ಲ."

ರತ್ನ ದೋಣಿ ಬಂದದ್ದೇ ಹತ್ತಿ ಕೂತಳು. ನನಗೆ ಅವಳ ಮೇಲೆ ಬೇಸರವಾಯಿತು, ಸೀತಕ್ಕನ ಮೇಲೆ ಅದಕ್ಕಿಂತ ಹೆಚ್ಚು ಬೇಸರವಾಯಿತು. ಇಬ್ಬರಿಗೂ ಒಂದೇ ಮಗುವಿನ ಚಿಂತೆ, ಆದರೆ ಒಬ್ಬರ ಭಯ ಇನ್ನೊಬ್ಬರ ಕಣ್ಣಿಗೆ ಬೀಳುತ್ತಿಲ್ಲ.

ಬೆಳಿಗ್ಗೆ ಮೋಡ ಹಾಕಿತ್ತು. ನಾನು ಒಲೆಯ ಮುಂದಿನಿಂದ ಎದ್ದು ದಂಡೆಗೆ ಬಂದೆ. ಕುದ್ರುವಿನ ಕಡೆಯಿಂದ ದೋಣಿ ಹೊರಟಿತ್ತು. ಸೀತಕ್ಕ ಹಿಂದೆ ನಿಂತು ಕೋಲು ಊರುತ್ತಿದ್ದಳು, ರತ್ನ ನಡುವೆ ಮಗಳ ಬ್ಯಾಗು ತಬ್ಬಿಕೊಂಡು ಕೂತಿದ್ದಳು. ಪಕ್ಕದ ನೀರಿನಲ್ಲಿ ಒಂದು ಪುಟ್ಟ ತಲೆ, ಎರಡು ಜಡೆ, ಬಿಳಿ ಅಂಗಿಯ ಕಾಲರು. ಕಾಯಿ ಇರಲಿಲ್ಲ.

ಅರ್ಧ ಹೊಳೆ ಚೆನ್ನಾಗಿಯೇ ಬಂತು ಮಗು. ನಡುವೆ ಲಂಗ ಕಾಲಿಗೆ ಸುತ್ತಿಕೊಂಡಿತೋ, ಮೇಲಿನ ನೀರಿನ ಸೆಳೆತ ಸಿಕ್ಕಿತೋ, ಒಮ್ಮೆ ಮುಳುಗಿ ಎದ್ದು ಕೆಮ್ಮತೊಡಗಿತು. ರತ್ನ ಬ್ಯಾಗು ಬಿಟ್ಟು ದೋಣಿಯ ಅಂಚಿಗೆ ಬಾಗಿ ಕೈ ಚಾಚಿದಳು. ನವ್ಯನೂ ಆ ಕಡೆ ತಿರುಗಿದಳು. ಸೀತಕ್ಕ ಕೋಲು ಊರಿ ದೋಣಿಯನ್ನು ಒಂದು ಮಾರು ಆಚೆ ಸರಿಸಿದಳು.

"ಅಬ್ಬೀ," ಎಂದು ರತ್ನ ಕೂಗಿದ್ದು ದಡದ ತನಕ ಕೇಳಿತು. ಇವಳೆಂಥ ರಾಕ್ಷಸಿ ಎಂದು ಬಾಯಿಗೆ ಬಂತು.

"ಅಂಗಾತ ಮಲ್ಕೋ ಹೆಣ್ಣೇ," ಎಂದಳು ಸೀತಕ್ಕ. "ಅವಸ್ರ ಎಂತ ಇತ್ತ್? ಮೋಡ ಕಾಣ್."

ಮಗು ಅಂಗಾತ ಮಲಗಿತು. ಮೂಗು, ಹಣೆ, ಅಂಗಿಯ ಗುಂಡಿ ಮಾತ್ರ ನೀರಿನ ಮೇಲೆ. ಕೆಮ್ಮು ನಿಂತಿತು. ಆಮೇಲೆ ಮಗುಚಿಕೊಂಡು ಮತ್ತೆ ಕೈ ಬೀಸತೊಡಗಿತು. ಸೊಂಟದ ತನಕ ನೀರಿಗಿಳಿದು ನಿಂತಿದ್ದೆ ನಾನು, ಯಾವಾಗ ಇಳಿದೆನೋ ನನಗೇ ತಿಳಿಯದು. ನವ್ಯ ನನ್ನ ಕೈಯನ್ನೂ ಹಿಡಿಯದೆ ಪಕ್ಕದಲ್ಲಿ ದಾಟಿ ದಂಡೆಯ ಮೇಲೆ ಹೋಗಿ ಕೂತಳು.

ದೋಣಿ ತಾಗಿತು. ರತ್ನ ಇಳಿದಳು. ಈಗ ಮಗಳಿಗೆ ಎರಡು ಬಿಗಿಯುತ್ತಾಳೆ, ತಾಯಿಗೂ ಬಿಗಿದರೆ ಆಶ್ಚರ್ಯವಿಲ್ಲ ಎಂದುಕೊಂಡೆ. ಅವಳು ಮಗಳ ಲಂಗದ ಅಂಚು ಹಿಡಿದು ನೀರು ಹಿಂಡಿದಳು, ಜಡೆ ಹಿಂಡಿದಳು, ತನ್ನ ಸೆರಗಿನಿಂದ ಮುಖ ಒರೆಸಿದಳು. ಬದಲಿಸಲು ಬೇರೆ ಜೊತೆ ಇರಲಿಲ್ಲ. ಹಿಂದಿನ ಸಂಜೆ ನೆನೆದದ್ದು ಮೋಡಕ್ಕೆ ಒಣಗಿರಲಿಲ್ಲ. ನೆನೆಯದ ಬ್ಯಾಗನ್ನು ತಾನೇ ಹೆಗಲಿಗೆ ಹಾಕಿಕೊಂಡು ಮಗಳ ಕೈ ಹಿಡಿದು ಶಾಲೆಯ ದಾರಿ ಹಿಡಿದಳು. ಹಿಂದೆ ಸೀತಕ್ಕ, ಅವಳ ಹಿಂದೆ ಒದ್ದೆ ಪಂಚೆಯ ನಾನು. ಒಲೆಯ ಮೇಲೆ ಹಾಲು ಇತ್ತು, ಉಕ್ಕಿ ಹೋಗಲಿ ಎಂದು ಬಿಟ್ಟೆ.

ಬೆಳಿಗ್ಗೆ ಗೇಟಿನಲ್ಲಿ ನಿಂತು ಮಕ್ಕಳ ಶೂ ನೋಡುವುದು ಭೋಜರಾಜರ ಅಭ್ಯಾಸ. ಅಂದು ಅವರಿಗೆ ಶೂ ಕಾಣಲಿಲ್ಲ, ಬರಿಗಾಲು ಕಂಡಿತು, ಅದರ ಸುತ್ತ ನೀರು ಕಂಡಿತು.

"ಎಂತ ರತ್ನ ಇದ್? ಮೆಸೇಜ್ ಹಾಕಿತ್ತಲ್ಲ," ಎಂದರು.

"ಗೊತ್ತಿತ್ತ್."

"ಒದ್ದಿ ಮೈಯಲ್ಲ್ ಕೂಕಂಡ್ರೆ ಜ್ವರ ಬತ್ತ್ ಮಾರಾಯ್ತಿ. ಮನಿಗ್ ಕರ್ಕಂಡ್ ಹೋಯ್, ನಾಳೆ ಬರ್ಲಿ."

ಸೀತಕ್ಕ ಮುಂದೆ ನುಗ್ಗಿದಳು. ರತ್ನ ಕೈ ಅಡ್ಡ ಹಿಡಿದಳು. "ಅಬ್ಬಿ, ನೀ ಸುಮ್ನಿರ್. ಇಲ್ಲ್ ಮಾತಾಡೂದ್ ನಾನ್."

ಸೀತಕ್ಕ ಸುಮ್ಮನಾದಳು. ನಾನು ಕಣ್ಣಾರೆ ಕಂಡದ್ದನ್ನೇ ಹೇಳುತ್ತಿದ್ದೇನೆ.

"ಒಂದ್ ದಿನವೂ ಶಾಲಿ ತಪ್ಪೂಕಾಗ ಅಂದೇಳಿ ಹೇಳದ್ ನೀವ್," ಎಂದಳು ರತ್ನ. "ಊರೆದ್ರ್ ಅಬ್ಬಿ ಮಾತಿಗೆ ಎದ್ರಾಯಿ ಕೈ ಎತ್ತದ್ ನಾನ್. ಇವ್ಳ್ ತಪ್ಸಲಿಲ್ಲೆ. ಹೊತ್ತಿಗ್ ಸಮಾ ಬಂದಳ್. ಈಗ ನೀವೇ ಹಿಂದ್ ಕಳ್ಸ್ತ್ರಿಯಾ?"

"ಹಾಂಗಲ್ಲ ರತ್ನ, ಒಂದ್ ಶಿಸ್ತ್ ಅಂದೇಳಿ..."

"ನಂಗೆ ಈಜೂ ಬತ್ತಿಲ್ಲೆ, ಇಂಗ್ಲಿಷೂ ಬತ್ತಿಲ್ಲೆ. ಇವತ್ತ್ ನನ್ನ್ ಹೆಣ್ ಮುಳ್ಗತ್ತ್ ಅಂದ್ರೆ ದೋಣಿಯಲ್ಲ್ ಕೂಕಂಡ್ ಕೂಗೂದ್ ಬಿಟ್ರೆ ನಂಗೆ ಎಂತದೂ ಗೊತ್ತಿರ್ಲಿಲ್ಲೆ. ನೀವ್ ಇಂಗ್ಲಿಷಲ್ಲ್ ಬರ್ದ್ ಕಳ್ಸದ್ದೂ ಪ್ರೇಮಾನಂದಣ್ಣ ಓದಿ ಹೇಳ್ಕ್." ಅವಳ ಕಣ್ಣು ಅವರ ಮೇಲೆಯೇ ಇತ್ತು. "ಇವ್ಳಿಗೆ ಎರ್ಡೂ ಬರ್ಕ್. ಒಂದ್ ಬೇಕಾರೆ ಇನ್ನೊಂದ್ ಬಿಡ್ ಅಂದೇಳಿ ನೀವೂ ಹೇಳೂಕಾಗ, ನಮ್ಮ್ ಅಬ್ಬಿಯೂ ಹೇಳೂಕಾಗ. ಒಳ್ಗ್ ಬಿಡಿ. ನಾನೂ ಕೆಲ್ಸಕ್ಕ್ ಹೋಯ್ಕ್."

ಗೇಟಿನ ಹತ್ತಿರ ಮಕ್ಕಳು ಸೇರಿದ್ದರು, ವ್ಯಾನಿನವರು ಸೇರಿದ್ದರು. ಭೋಜರಾಜರು ಸುತ್ತ ನೋಡಿದರು, ರತ್ನನನ್ನು ನೋಡಿದರು, ಕೊನೆಗೆ ನವ್ಯನನ್ನು ನೋಡಿದರು. ಹುಡುಗಿಯ ಹಲ್ಲು ಕಟಕಟ ಎನ್ನುತ್ತಿತ್ತು, ಆದರೂ ತಾಯಿಯ ಕೈಯಿಂದ ಬ್ಯಾಗು ತೆಗೆದುಕೊಂಡು ತಾನೇ ಹಾಕಿಕೊಂಡಳು. ಅವರು ಗೇಟಿನಿಂದ ಸರಿದರು. ಆಫೀಸಿನಲ್ಲಿ ಟವೆಲ್ ಇದೆ, ಕೊಡಿ ಎಂದು ಯಾರಿಗೋ ಹೇಳಿದರು. ನವ್ಯ ಒಳಗೆ ಹೋದಳು, ವರಾಂಡದ ಉದ್ದಕ್ಕೂ ಒದ್ದೆ ಹೆಜ್ಜೆ.

ರತ್ನ ತಡವಾಯಿತೆಂದು ಓಡುವ ಹಾಗೆ ಕಾರ್ಖಾನೆಯ ಕಡೆ ನಡೆದಳು. ಸೀತಕ್ಕ ನನ್ನ ಜೊತೆ ಹೋಟೆಲಿಗೆ ಬಂದು ಬೆಂಚಿನ ಮೇಲೆ ಕೂತಳು. ಹಾಲು ಉಕ್ಕಿ ತಳ ಹಿಡಿದಿತ್ತು. ಕಪ್ಪು ಚಾ ಮಾಡಿ ಮುಂದಿಟ್ಟೆ, ಬೈಗುಳಕ್ಕೆ ಕಾದು ನಿಂತೆ. ಅವಳು ಲೋಟ ಮುಟ್ಟಲಿಲ್ಲ. ಅಳುತ್ತಿದ್ದಳು, ಸೆರಗು ಅಡ್ಡ ಹಿಡಿಯದೆ, ನಾಚಿಕೆಯಿಲ್ಲದೆ ಅಳುತ್ತಿದ್ದಳು. ಮೊಮ್ಮಗಳು ಹೊಳೆ ದಾಟಿದ ಸಂತೋಷಕ್ಕೆ ಎಂದುಕೊಂಡು, "ನವ್ಯ ಲಾಯ್ಕ್ ಈಜಿದ್ಲ್ ಸೀತಕ್ಕ" ಎಂದೆ.

ಅವಳು ತಲೆ ಆಡಿಸಿದಳು, ಅದಲ್ಲ ಎನ್ನುವ ಹಾಗೆ.

"ರತ್ನ ಮಾತಾಡದ್ ಕೇಂಡ್ಯಾ?" ಎಂದಳು. "ನನ್ನ್ ಹೆಣ್. ಅವ್ಳನ್ ನಾನ್ ಶಾಲಿಗೂ ಕಳ್ಸಲಿಲ್ಲೆ, ಹೊಳಿಗೂ ಇಳ್ಸಲಿಲ್ಲೆ ಪ್ರೇಮಾನಂದ."